ಹಳೆ ಟೋಪೊಶೀಟ್ ಹಿಡಿದು ಅಜ್ಜನ ಊರು ಹುಡುಕುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಶರಾವತಿ ಮುಳುಗಡೆಯಲ್ಲಿ ಊರು ಬಿಟ್ಟವರ ಮೊಮ್ಮಕ್ಕಳು ಈಗ ಬೆಂಗಳೂರು, ಪುಣೆ, ದುಬೈ ಎಂದು ಎಲ್ಲೆಲ್ಲೋ ಇದ್ದಾರೆ. ಅಜ್ಜನ ಊರಿನ ಹೆಸರು ಹಲವರಿಗೆ ಗೊತ್ತು. ಅದು ಎಲ್ಲಿತ್ತು ತೋರಿಸಿ ಎಂದರೆ ಕಷ್ಟ. ಮೊಬೈಲ್ ಮ್ಯಾಪ್‌ನಲ್ಲಿ ಹುಡುಕಿದರೆ ಲಿಂಗನಮಕ್ಕಿ ಜಲಾಶಯದ ನೀಲಿ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಆದರೆ ಅಣೆಕಟ್ಟು ಬರುವ ಮುಂಚೆಯೇ ಆ ಕಣಿವೆಯನ್ನು ಸರ್ವೆಯವರು ಅಳೆದಿದ್ದರು. ಊರು, ಬಿಡಿ ಮನೆ, ಸಾಗುವಳಿ ನೆಲ, ಹೊಳೆ ದಾಟುವ ಕಡವು, ಕಾಲುದಾರಿ ಎಲ್ಲವನ್ನೂ ಗುರುತು ಹಾಕಿದ್ದರು. ಹೀಗೆ ಅಳೆದು ಮುದ್ರಿಸಿದ ನಕ್ಷೆಯ ಹಾಳೆಗೇ ಟೋಪೊಶೀಟ್ ಎನ್ನುತ್ತಾರೆ. ಆ ಹಾಳೆ ಸಿಕ್ಕರೆ ಅಜ್ಜನ ಊರನ್ನು ಬೆರಳಿಟ್ಟು ತೋರಿಸಬಹುದು.

ನಿಮ್ಮದು ಮುಳುಗಡೆ ಊರೇ ಆಗಿರಬೇಕು ಅಂತೇನಿಲ್ಲ. ಬತ್ತಿಹೋದ ಕೆರೆ, ಹೆಸರು ಬದಲಾದ ಪೇಟೆ, ಪ್ಲೇಗ್ ಕಾಲದಲ್ಲಿ ಬಿಟ್ಟುಹೋದ ಹಾಳೂರು, ಟಾರು ರಸ್ತೆ ಬಂದ ಮೇಲೆ ಮರೆತ ಬಂಡಿದಾರಿ, ಇವೆಲ್ಲಕ್ಕೂ ದಾರಿ ಒಂದೇ. ಸಾಗರ ತಾಲ್ಲೂಕನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಂಡಿದ್ದೇನೆ. ಒಂದೇ ಕಣಿವೆಯಲ್ಲಿ ಎರಡು ಅಣೆಕಟ್ಟು ಬಂದದ್ದರಿಂದ ಬೇರೆ ಬೇರೆ ಕಾಲದ ನಕ್ಷೆಗಳ ವ್ಯತ್ಯಾಸ ಅಲ್ಲಿ ಚೆನ್ನಾಗಿ ಕಾಣುತ್ತದೆ.

ಶುರುವಿಗೇ ಒಂದು ಮಾತು. ಬರೀ ನಕ್ಷೆ ಇಟ್ಟುಕೊಂಡು ಊರಿನ ಚರಿತ್ರೆ ಬರೆಯಲು ಹೋಗಬೇಡಿ. ಏನು ಕೇಳಬೇಕು ಎನ್ನುವುದನ್ನು ನಕ್ಷೆ ಹೇಳಿಕೊಡುತ್ತದೆ. ಉತ್ತರ ಇರುವುದು ಹಿರಿಯರ ನೆನಪಿನಲ್ಲಿ, ಕಂದಾಯದ ಕಾಗದಗಳಲ್ಲಿ. ಹಿರಿಯರಿಗೆ ವಯಸ್ಸಾಗುತ್ತಿದೆ, ನಕ್ಷೆ ಇನ್ನೊಂದು ವರ್ಷ ಕಾದರೂ ನಡೆಯುತ್ತದೆ. ಹಾಗಾಗಿ ಮೊದಲ ಹೆಜ್ಜೆ ಮನೆಯಲ್ಲೇ.

ಹೆಜ್ಜೆ 1: ಮನೆಯಲ್ಲಿ ಕೇಳಿ, ಬರೆದುಕೊಳ್ಳಿ

"ನಿಮ್ಮ ಊರು ಯಾವುದು?" ಎಂದಷ್ಟೇ ಕೇಳಿದರೆ ಒಂದು ಹೆಸರು ಸಿಗುತ್ತದೆ. ನಕ್ಷೆ ಓದಲು ಅದು ಸಾಲದು. ಹೀಗೆ ಕೇಳಿ: ಸಂತೆಗೆ ಎಲ್ಲಿಗೆ ಹೋಗ್ತಿದ್ರಿ, ಯಾವ ವಾರ? ನಡೆದರೆ ಎಷ್ಟು ಹೊತ್ತು? ದಾರಿಯಲ್ಲಿ ಹೊಳೆ ದಾಟಬೇಕಿತ್ತಾ? ದೋಣಿ ಇತ್ತಾ, ಕಾಲುಸಂಕ ಇತ್ತಾ? ಮನೆ ಅಂಗಳದಲ್ಲಿ ನಿಂತರೆ ಯಾವ ಗುಡ್ಡ ಕಾಣ್ತಿತ್ತು, ಸೂರ್ಯ ಅದರ ಯಾವ ಕಡೆ ಮುಳುಗ್ತಿದ್ದ? ಶಾಲೆ ಎಲ್ಲಿ, ಅಂಚೆ ಎಲ್ಲಿಂದ ಬರ್ತಿತ್ತು? ಹೆಣ ಸುಡುವ ಜಾಗ ಯಾವ ದಿಕ್ಕಿಗೆ? ಈ ಒಂದೊಂದು ಉತ್ತರವೂ ನಕ್ಷೆಯ ಮೇಲೆ ಒಂದೊಂದು ಗುರುತಿಗೆ ಹೊಂದುತ್ತದೆ.

ಹೆಂಗಸರನ್ನು ತಪ್ಪದೆ ಕೇಳಿ. ಅಜ್ಜಿಯ ತವರು, ಮುತ್ತಜ್ಜಿಯ ತವರು, ಅತ್ತೆಯರನ್ನು ಕೊಟ್ಟ ಊರು, ಎಲ್ಲ ಬರೆದುಕೊಳ್ಳಿ. ಕಂದಾಯದ ಕಾಗದದಲ್ಲಿ ಗಂಡಸರ ಹೆಸರೇ ಜಾಸ್ತಿ. ಮನೆತನದ ಅರ್ಧ ಚರಿತ್ರೆ ಈ ತವರೂರುಗಳಲ್ಲಿದೆ, ಅದನ್ನು ಇವರ ಬಾಯಿಂದಲೇ ಕೇಳಬೇಕು.

ಇನ್ನು ಹೆಸರಿನ ಹಿಂದಿನ ಇನಿಷಿಯಲ್. ಹಳೆ ಮೈಸೂರು ಕಡೆ ಎರಡು ಅಕ್ಷರ ಇದ್ದರೆ ಮೊದಲನೆಯದು ಹೆಚ್ಚಾಗಿ ಊರಿನದು, ಎರಡನೆಯದು ತಂದೆಯದು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರೇ ಊರಿನ ಹೆಸರಾಗಿರುವುದು ಮಾಮೂಲು. ಈಗಿನ ಊರು ಒಂದು, ಅಡ್ಡಹೆಸರಿನ ಊರು ಇನ್ನೊಂದು ಎಂದಾದರೆ ನಿಮ್ಮವರು ಯಾವಾಗಲೋ ವಲಸೆ ಬಂದವರು. ಮನೆದೇವರು ಇರುವ ಊರನ್ನೂ ಬರೆದಿಡಿ. ಎಷ್ಟೇ ದೂರ ವಲಸೆ ಬಂದರೂ ಮನೆದೇವರನ್ನು ಬಿಡದವರು ನಮ್ಮಲ್ಲಿ ಬಹಳ. ಉತ್ತರ ಕರ್ನಾಟಕದವರಾದರೆ ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರಾ ಎಂದು ವಿಚಾರಿಸಿ. ತಲೆಮಾರುಗಳ ಹೆಸರು, ಎಲ್ಲಿಂದ ಎಲ್ಲಿಗೆ ಬಂದರು ಎಂಬ ವಿವರವನ್ನು ಇಟ್ಟುಕೊಂಡು ಬಂದವರು ಅವರು.

ಟ್ರಂಕಿನಲ್ಲಿರುವ ಕಾಗದಗಳನ್ನೂ ಹೊರಗೆ ತೆಗೆಯಿರಿ. ಕಂದಾಯ ರಸೀದಿ, ಕ್ರಯಪತ್ರ, ಕೈಬರಹದ ಪಹಣಿ, ಮುಳುಗಡೆ ಪರಿಹಾರದ ನೋಟಿಸು, ಶಾಲೆಯ ಟಿ.ಸಿ., ಹಳೆ ಲಗ್ನಪತ್ರಿಕೆ. ಗ್ರಾಮ, ಹೋಬಳಿ, ತಾಲ್ಲೂಕು, ಸರ್ವೆ ನಂಬರ್ ಈ ನಾಲ್ಕು ಎಲ್ಲಿ ಕಂಡರೂ ಫೋಟೊ ತೆಗೆದಿಟ್ಟುಕೊಳ್ಳಿ.

ಹೆಜ್ಜೆ 2: ಯಾವ ಯಾವ ನಕ್ಷೆ ಇದೆ ಎಂದು ತಿಳಿಯಿರಿ

ಸರ್ವೆ ಆಫ್ ಇಂಡಿಯಾ ಶುರುವಾದದ್ದು 1767ರಲ್ಲಿ. ಮೈಸೂರು ಸೀಮೆಯ ವ್ಯವಸ್ಥಿತ ಸರ್ವೆ ನಡೆದದ್ದು 1799ರಲ್ಲಿ ಟಿಪ್ಪು ಬಿದ್ದ ಮೇಲೆ, ಕಾಲಿನ್ ಮೆಕೆಂಜಿಯ ಕೈಕೆಳಗೆ. ಅದೇ ಹೊತ್ತಿನಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹತ್ತಿರ ಆಧಾರ ರೇಖೆ ಅಳೆದ. ಮದ್ರಾಸಿನಿಂದ ಮಹಾ ತ್ರಿಕೋನಮಿತಿ ಸರ್ವೆಯನ್ನು 1802ರಲ್ಲಿ ಹೊರಡಿಸಿದವನೂ ಅವನೇ. ಆ ಕಾಲದ ನಕ್ಷೆಗಳು ನೋಡಲು ಚೆಂದ. ದೊಡ್ಡ ಊರು, ಕೋಟೆ, ಹೆದ್ದಾರಿ ಹುಡುಕಲು ಸಾಕು. ನಿಮ್ಮ ಕೇರಿ ಹುಡುಕಲು ಸಾಲದು.

ಕುಟುಂಬದ ಕೆಲಸಕ್ಕೆ ನಿಜವಾಗಿ ಬೇಕಾಗಿರುವುದು ಒಂದಂಗುಲದ ಹಾಳೆ. ಅಂದರೆ ನೆಲದ ಒಂದು ಮೈಲಿ ಕಾಗದದ ಒಂದು ಅಂಗುಲ. ಲೆಕ್ಕದಲ್ಲಿ 1:63,360. 1905ರ ನಂತರ ಹೊಸ ಪದ್ಧತಿಯಲ್ಲಿ ಸರ್ವೆ ಮಾಡಿ ಇವನ್ನು ಬಣ್ಣದಲ್ಲಿ ಮುದ್ರಿಸತೊಡಗಿದರು. ಮೆಟ್ರಿಕ್ ಬಂದ ಮೇಲೆ ಇದೇ ಹಾಳೆಗಳು 1:50,000ಕ್ಕೆ ಬದಲಾದವು. ಒಂದಂಗುಲದ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 634 ಮೀಟರ್, 1:50,000ದಲ್ಲಿ 500 ಮೀಟರ್. ಕಾಲು ಅಂಗುಲದ ಡಿಗ್ರಿ ಶೀಟೂ ಇದೆ. ಅದರಲ್ಲಿ ಒಂದು ಅಂಗುಲಕ್ಕೆ ನಾಲ್ಕು ಮೈಲಿ. ಇಡೀ ಸೀಮೆಯ ಅಂದಾಜು ಸಿಗಲು ಅದು ಒಳ್ಳೆಯದು.

ಮನೆಯಲ್ಲೇ ಕೂತು ಇವತ್ತೇ ನೋಡಬಹುದಾದ ಹಳೆ ನಕ್ಷೆ ಎಂದರೆ ಅಮೆರಿಕದ ಸೇನೆಯ ಯು502 ಸರಣಿ. 1:250,000 ಅಳತೆ, ಬಹುಪಾಲು 1950ರ ದಶಕದ್ದು, ಸರ್ವೆ ಆಫ್ ಇಂಡಿಯಾದ ಹಾಳೆಗಳಿಂದಲೇ ತಯಾರಿಸಿದ್ದು. ಟೆಕ್ಸಾಸ್ ವಿಶ್ವವಿದ್ಯಾಲಯದ ಪೆರಿ-ಕಾಸ್ಟನೆಡಾ ಗ್ರಂಥಾಲಯದ ಜಾಲತಾಣದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಹಾಗಾಗಿ ಈ ಸರಣಿಯಲ್ಲಿ ಕಾಣುವುದು ಅದಕ್ಕೂ ಮುಂಚಿನ ಶರಾವತಿ ಕಣಿವೆ.

ಇವೆಲ್ಲದರ ಜೊತೆಗೆ ಗ್ರಾಮ ನಕ್ಷೆ ಬೇರೆಯೇ ಇದೆ. ಅದು ಕಂದಾಯ ಇಲಾಖೆಯದು, ಟೋಪೊಶೀಟ್ ಅಲ್ಲ. ಅದರ ವಿಷಯ ಮುಂದೆ ಬರುತ್ತದೆ.

ಹೆಜ್ಜೆ 3: ನಿಮ್ಮ ಊರಿನ ಹಾಳೆ ನಂಬರ್ ಕಂಡುಹಿಡಿಯಿರಿ

ಇದನ್ನು ಒಂದು ಸಲ ಕೈಯಾರೆ ಮಾಡಿದರೆ ಮತ್ತೆ ಯಾರನ್ನೂ ಕೇಳಬೇಕಾಗಿಲ್ಲ. ದೇಶವನ್ನು 4 ಡಿಗ್ರಿ ಅಗಲ, 4 ಡಿಗ್ರಿ ಎತ್ತರದ ಚೌಕಗಳಾಗಿ ಮಾಡಿ ನಂಬರ್ ಕೊಟ್ಟಿದ್ದಾರೆ. ಕರ್ನಾಟಕದ ಬಹುಭಾಗ ಎರಡು ಚೌಕಗಳಲ್ಲಿ ಬರುತ್ತದೆ. ಪೂರ್ವ ರೇಖಾಂಶ 72ರಿಂದ 76, ಉತ್ತರ ಅಕ್ಷಾಂಶ 12ರಿಂದ 16 ಇರುವುದು 48. ಅದರ ಬಲಕ್ಕೆ, 76ರಿಂದ 80ರವರೆಗೆ, 57. ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಮೇಲಿನ 47 ಮತ್ತು 56. ಚಾಮರಾಜನಗರದ ದಕ್ಷಿಣ ತುದಿ ಕೆಳಗಿನ 58ಕ್ಕೆ ಸೇರುತ್ತದೆ.

ಪ್ರತಿ ಚೌಕದಲ್ಲಿ ಒಂದೊಂದು ಡಿಗ್ರಿಯ 16 ಮನೆಗಳು. ಅವಕ್ಕೆ ಎ ಯಿಂದ ಪಿ ವರೆಗೆ ಅಕ್ಷರ. ಎಡಗಡೆಯ ಮೇಲಿನ ಮೂಲೆಯಿಂದ ಶುರುಮಾಡಿ ಕೆಳಗೆ ಇಳಿಯಬೇಕು. ನಾಲ್ಕು ಮುಗಿದ ಮೇಲೆ ಪಕ್ಕದ ಸಾಲಿನ ಮೇಲಕ್ಕೆ ಬಂದು ಮತ್ತೆ ಕೆಳಗೆ. ಪ್ರತಿ ಅಕ್ಷರದ ಒಳಗೆ 15 ಮಿನಿಟಿನ, ಅಂದರೆ ಕಾಲು ಡಿಗ್ರಿಯ, 16 ಮನೆಗಳು, 1ರಿಂದ 16ರವರೆಗೆ, ಅದೇ ಕ್ರಮದಲ್ಲಿ. ಆ ಚಿಕ್ಕ ಮನೆಯೇ ಒಂದಂಗುಲದ ಹಾಳೆ. ನಮ್ಮ ಕಡೆ ಅದು ನೆಲದ ಮೇಲೆ ಸುಮಾರು 27 ಕಿ.ಮೀ. ಅಗಲ, ಹೆಚ್ಚೂಕಡಿಮೆ ಅಷ್ಟೇ ಎತ್ತರ.

ಸಾಗರ ಪೇಟೆಯನ್ನು ಹುಡುಕೋಣ. ಮೊಬೈಲಿನಲ್ಲಿ ಒತ್ತಿ ಹಿಡಿದರೆ ಅಕ್ಷಾಂಶ 14.17, ರೇಖಾಂಶ 75.03 ಎಂದು ಬರುತ್ತದೆ. ರೇಖಾಂಶ 76ರ ಒಳಗಿದೆ, ಹಾಗಾದರೆ ಚೌಕ 48. 75ರಿಂದ 76 ಎಂದರೆ ನಾಲ್ಕನೇ ಸಾಲು, ಅಲ್ಲಿರುವುದು ಎಂ, ಎನ್, ಒ, ಪಿ. ಅಕ್ಷಾಂಶ 14ರಿಂದ 15 ಎಂದರೆ ಮೇಲಿನಿಂದ ಎರಡನೆಯದು, ಎನ್. ಈಗ ಎನ್ ಒಳಗೆ: 75.00ರಿಂದ 75.25 ಮೊದಲ ಸಾಲು, 1ರಿಂದ 4. ಅಕ್ಷಾಂಶ 14.00ರಿಂದ 14.25 ಎಂದರೆ ಆ ಸಾಲಿನ ಕೊನೆಯ ಮನೆ. ಉತ್ತರ 48ಎನ್/4. ಲಿಂಗನಮಕ್ಕಿ ಅಣೆಕಟ್ಟು ಇರುವುದು 14.18, 74.85ರ ಹತ್ತಿರ. ಅದು ಪಕ್ಕದ 48ಜೆ/16. ನೋಡಿ, ಒಂದೇ ತಾಲ್ಲೂಕಾದರೂ ಹಾಳೆ ಬೇರೆ, ಅಕ್ಷರವೂ ಬೇರೆ. ಹಿನ್ನೀರು ದಕ್ಷಿಣಕ್ಕೆ ಹೊಸನಗರದ ಕಡೆ ಚಾಚಿಕೊಂಡಿದೆ, ಹಾಗಾಗಿ ಕೆಳಗಿನ ಹಾಳೆಗಳೂ ಬೇಕಾಗುತ್ತವೆ. ಊರು ಹಾಳೆಯ ಅಂಚಿನಲ್ಲಿದ್ದರೆ ಪಕ್ಕದ್ದನ್ನೂ ತೆಗೆದುಕೊಳ್ಳಿ. ನೆಂಟರ ಊರುಗಳು ಅಲ್ಲೇ ಇರುತ್ತವೆ.

ತಾಳೆ ನೋಡಲು ಎರಡು ನಂಬರ್ ಕೊಡುತ್ತೇನೆ. ಬೆಂಗಳೂರು ಪೇಟೆ 57ಎಚ್/9. ಶ್ರೀರಂಗಪಟ್ಟಣ, ಕನ್ನಂಬಾಡಿ 57ಡಿ/11. ಲೆಕ್ಕ ಮಾಡಿ ಅದೇ ಬಂದರೆ ನಿಮ್ಮ ಲೆಕ್ಕ ಸರಿ ಇದೆ.

ಹೆಜ್ಜೆ 4: ಹಾಳೆ ಪಡೆಯುವುದು

ಹೊಸ ಹಾಳೆ ಸುಲಭ. ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ಮ್ಯಾಪ್ಸ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಂಡರೆ 1:50,000ದ ಓಪನ್ ಸೀರೀಸ್ ಹಾಳೆಗಳ ಪಿಡಿಎಫ್ ಸಿಗುತ್ತದೆ. ಅದರಲ್ಲಿ ನಂಬರ್ ಕೊಡುವ ಪದ್ಧತಿ ಬೇರೆ, ಡಿ43 ಎಂದೇನೋ ಶುರುವಾಗುತ್ತದೆ. ಗಾಬರಿ ಬೇಡ, ಜಾಗ ನೋಡಿ ಆರಿಸಿಕೊಳ್ಳಿ. ಹಳೆಯದರ ಜೊತೆ ಹೋಲಿಸಲು ಹೊಸ ಹಾಳೆ ಬೇಕೇ ಬೇಕು.

ಹಳೆ ಹಾಳೆಗೆ ಸ್ವಲ್ಪ ಅಲೆಯಬೇಕು. ವಿಶ್ವವಿದ್ಯಾಲಯಗಳ ಭೂಗೋಳ ಮತ್ತು ಭೂವಿಜ್ಞಾನ ವಿಭಾಗಗಳಲ್ಲಿ ಹಳೆ ಟೋಪೊಶೀಟ್‌ಗಳ ಕಟ್ಟು ಇರುವುದುಂಟು. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ, ಮಿಥಿಕ್ ಸೊಸೈಟಿಯ ಗ್ರಂಥಾಲಯದಲ್ಲಿ ವಿಚಾರಿಸಿ. ರಾಷ್ಟ್ರೀಯ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಜಿಲ್ಲೆಯ ಹಳೆ ಹೆಸರು ಹಾಕಿ ಹುಡುಕಿ. 19ನೇ ಶತಮಾನದ ನಕ್ಷೆಗಳಿಗೆ ಡೇವಿಡ್ ರಮ್ಸಿ ಸಂಗ್ರಹದ ಜಾಲತಾಣ ಒಳ್ಳೆಯದು. ಹಿರಿಯ ಭೂವಿಜ್ಞಾನಿಗಳು, ನಿವೃತ್ತ ಅರಣ್ಯಾಧಿಕಾರಿಗಳು ಪರಿಚಯ ಇದ್ದರೆ ಕೇಳಿ ನೋಡಿ. ಫೋಟೊ ತೆಗೆಯುವುದಾದರೆ ಹಾಳೆಯನ್ನು ಸಪಾಟಾಗಿ ಹಾಸಿ, ನೇರ ಮೇಲಿನಿಂದ, ನೆರಳು ಬೀಳದ ಹಾಗೆ ತೆಗೆಯಿರಿ. ಅಂಚಿನ ಬರಹವೂ ಫೋಟೊದಲ್ಲಿ ಬರಬೇಕು.

"ನಿರ್ಬಂಧಿತ" ಎಂದು ಮುದ್ರೆ ಬಿದ್ದ ಹಾಳೆ ಕೈಗೆ ಬಂದರೆ ಅದನ್ನು ಸುಮ್ನೆ ಅಂತರ್ಜಾಲದಲ್ಲಿ ಹಾಕಬೇಡಿ. ಕರಾವಳಿ ಮತ್ತು ಗಡಿ ಭಾಗದ ಹಲವು ಹಾಳೆಗಳು ಬಹಳ ಕಾಲ ಹಾಗೇ ಇದ್ದವು. ಮೊದಲು ಸರ್ವೆ ಆಫ್ ಇಂಡಿಯಾ ಕಚೇರಿಯಲ್ಲಿ ಕೇಳಿ.

ಹೆಜ್ಜೆ 5: ಅಂಚನ್ನು ಮೊದಲು ಓದಿ

ಹಾಳೆ ಸಿಕ್ಕ ತಕ್ಷಣ ಎಲ್ಲರೂ ಊರು ಹುಡುಕಲು ಹೋಗುತ್ತಾರೆ. ಅದಕ್ಕೆ ಮುಂಚೆ ಅಂಚಿನಲ್ಲಿರುವ ಇಸವಿಗಳನ್ನು ನೋಡಿ. ಸರ್ವೆ ಆದ ವರ್ಷ ಒಂದು, ಮುದ್ರಣದ ವರ್ಷ ಇನ್ನೊಂದು. ಎರಡರ ನಡುವೆ ಇಪ್ಪತ್ತು ಮೂವತ್ತು ವರ್ಷ ಇರಬಹುದು. 1940ರ ದಶಕದಲ್ಲಿ ಮರುಮುದ್ರಣವಾದ ಹಾಳೆ 1910ರ ದಶಕದ ಊರನ್ನು ತೋರಿಸುತ್ತಿರಬಹುದು. ನಿಮಗೆ ಮುಖ್ಯ ಸರ್ವೆಯ ವರ್ಷ. ರಸ್ತೆ, ರೈಲು ಮಾತ್ರ ತಿದ್ದಿದ್ದರೆ ಅದನ್ನೂ ಅಲ್ಲೇ ಬರೆದಿರುತ್ತಾರೆ.

ಶರಾವತಿ ಕಣಿವೆಯಲ್ಲಿ ಇದು ಯಾಕೆ ಇಷ್ಟು ಮುಖ್ಯ ನೋಡಿ. ಮಡೆನೂರಿನ ಹತ್ತಿರ ಹಿರೇಭಾಸ್ಕರ ಅಣೆಕಟ್ಟು ಬಂತು. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಶುರುವಾದದ್ದು ಆ ನೀರಿನಿಂದ. 1964ರಲ್ಲಿ ಲಿಂಗನಮಕ್ಕಿ ಬಂದು ಹಿರೇಭಾಸ್ಕರವನ್ನೇ ಮುಳುಗಿಸಿತು. ಹಾಗಾಗಿ ಇಲ್ಲಿ ಮೂರು ಕಾಲದ ನಕ್ಷೆ ಇರಲು ಸಾಧ್ಯ. ಹಿರೇಭಾಸ್ಕರಕ್ಕೂ ಮುಂಚಿನದು, ಎರಡು ಅಣೆಕಟ್ಟುಗಳ ನಡುವಿನದು, ಲಿಂಗನಮಕ್ಕಿಯ ನಂತರದ್ದು. ಎರಡು ಸಲ ಒಕ್ಕಲೆದ್ದ ಮನೆತನ ನಿಮ್ಮದಾಗಿದ್ದರೆ ಮೊದಲನೆಯ ಊರು ಒಂದು ಹಾಳೆಯಲ್ಲಿ, ಎರಡನೆಯ ಊರು ಇನ್ನೊಂದರಲ್ಲಿ ಸಿಗುತ್ತದೆ.

ಸಮೋನ್ನತಿ ರೇಖೆಗಳ (ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳ) ನಡುವಿನ ಎತ್ತರದ ಅಂತರ ಎಷ್ಟು, ಅಡಿಯಲ್ಲೋ ಮೀಟರಿನಲ್ಲೋ ಎನ್ನುವುದನ್ನೂ ಅಂಚಿನಲ್ಲೇ ಗುರುತಿಸಿಕೊಳ್ಳಿ. ಒಂದಂಗುಲದ ಹಾಳೆಯಲ್ಲಿ ಹೆಚ್ಚಾಗಿ 50 ಅಡಿ.

ಹೆಜ್ಜೆ 6: ಗುರುತುಗಳನ್ನು ಓದುವುದು

ಇಲ್ಲಿ ಅವಸರ ಬೇಡ. ಊರಿನ ಸುತ್ತ ಒಂದು ಚದರ ಅಂಗುಲ ಇಟ್ಟುಕೊಂಡು, ಭೂತಗನ್ನಡಿ ಹಿಡಿದು, ಕಂಡದ್ದನ್ನೆಲ್ಲ ಪಟ್ಟಿ ಮಾಡಿ.

ಬಣ್ಣದಿಂದ ಶುರುಮಾಡಿ. ಕೆಂಪು ಚುಕ್ಕೆ, ಚೌಕ ಎಂದರೆ ಜನ ಇರುವ ಮನೆಗಳು. ಒಳಗೆ ಖಾಲಿ ಇದ್ದು ಹೊರಗೆರೆ ಮಾತ್ರ ಇದ್ದರೆ ಪಾಳುಬಿದ್ದ ಊರು. ಮಲೆನಾಡಿನಲ್ಲಿ ಮಲೇರಿಯಾ, ಬಯಲುಸೀಮೆಯಲ್ಲಿ 1876ರಿಂದ 78ರ ದೊಡ್ಡ ಬರ, 1898ರಿಂದ ಬಂದ ಪ್ಲೇಗ್, ಊರು ಖಾಲಿಯಾಗಲು ಇಂಥ ಕಾರಣಗಳಿದ್ದವು. ಖಾಲಿ ಚೌಕದ ಹತ್ತಿರವೇ ಅದೇ ಹೆಸರಿಗೆ "ಹೊಸ" ಸೇರಿಸಿದ ಊರು ಇದೆಯಾ ನೋಡಿ. ಇದ್ದರೆ ಅಲ್ಲಿನ ಹಿರಿಯರನ್ನು ಕೇಳಲು ಒಂದು ಒಳ್ಳೆಯ ಪ್ರಶ್ನೆ ಸಿಕ್ಕಿತು.

ಹಳದಿ ಸಾಗುವಳಿ ನೆಲ, ಹಸಿರು ಕಾಡು. ನೀಲಿ ನೀರು. ಬೇಸಿಗೆಯಲ್ಲಿ ಒಣಗುವ ಹಳ್ಳವನ್ನು ಕಪ್ಪಿನಲ್ಲಿ ಬರೆಯುತ್ತಾರೆ. ಹಳೆ ಹಾಳೆಯಲ್ಲಿ ನೀಲಿ ಇದ್ದದ್ದು ಹೊಸದರಲ್ಲಿ ಕಪ್ಪಾಗಿದ್ದರೆ ಹೊಳೆ ಬತ್ತಿದೆ ಎಂದರ್ಥ. ಊರವರಿಗೆ ಇದು ಬಾಯಿಪಾಠ, ಆದರೂ ಕಾಗದದಲ್ಲಿ ನೋಡಿದಾಗ ಬೇರೆಯೇ ತೂಕ ಬರುತ್ತದೆ.

ಕೆರೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಏರಿ ದಪ್ಪ ಗೆರೆಯಾಗಿ ಕಾಣುತ್ತದೆ. ಪಕ್ಕದಲ್ಲಿ 5r ಎಂಬಂತೆ ಒಂದು ಅಂಕಿ, ಅದರ ಜೊತೆ ಸಣ್ಣ ಆರ್ ಅಕ್ಷರ ಇದ್ದರೆ ಅದು ನೆಲದಿಂದ ಏರಿಯ ಎತ್ತರ. ಏರಿಯ ಯಾವ ಕಡೆ ಹಳದಿ ಇದೆಯೋ ಅದು ಅಚ್ಚುಕಟ್ಟು. ಊರು ಏರಿಯ ಕೆಳಗಿದೆಯಾ, ಪಕ್ಕಕ್ಕಿದೆಯಾ? ಏರಿಯ ಮೇಲೆ ದಾರಿ ಹೋಗುತ್ತದಾ? ಕೋಡಿ ಹಳ್ಳ ಹರಿದು ಯಾವ ಕೆರೆಗೆ ಸೇರುತ್ತದೆ? ಬಯಲುಸೀಮೆಯಲ್ಲಿ ಹೀಗೆ ಹಳ್ಳ ಹಿಡಿದು ಹೋದರೆ ಒಂದರ ಕೆಳಗೆ ಒಂದು ಕೆರೆಗಳ ಸರಣಿಯೇ ಸಿಗುತ್ತದೆ. ನೀರು ಹಂಚಿಕೊಂಡ ಊರುಗಳಲ್ಲಿ ಜಗಳವೂ ನೆಂಟಸ್ತನವೂ ಜೊತೆಯಾಗಿಯೇ ನಡೆದಿವೆ. ಕುಟುಂಬದ ಕತೆಯಲ್ಲಿ ಬರುವ ಪಕ್ಕದೂರು ಬಹಳ ಸಲ ಇದೇ ಸರಣಿಯಲ್ಲಿರುತ್ತದೆ.

ಮಲೆನಾಡಿನ ಹಾಳೆಯ ನೋಟವೇ ಬೇರೆ. ಊರು ಒಂದೇ ಕಡೆ ಗುಂಪಾಗಿರುವುದಿಲ್ಲ. ಕಣಿವೆಯ ಉದ್ದಕ್ಕೂ ಒಂದೊಂದು, ಎರಡೆರಡು ಕೆಂಪು ಚುಕ್ಕೆ. ಕಂದಾಯ ಗ್ರಾಮದ ಹೆಸರು ಒಂದು, ಅದರೊಳಗೆ ಮಜರೆಗಳು, ಅಂದರೆ ಸಣ್ಣ ಬಿಡಿ ಹಳ್ಳಿಗಳು, ನಾಲ್ಕಾರು. ನಿಮ್ಮ ಅಜ್ಜ ಹೇಳಿದ್ದು ಮಜರೆಯ ಹೆಸರಾಗಿರಬಹುದು, ದಾಖಲೆಯಲ್ಲಿರುವುದು ಗ್ರಾಮದ ಹೆಸರು. ಎರಡನ್ನೂ ಜೊತೆಗೆ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಸರ್ವೆ ಕಚೇರಿಯಲ್ಲಿ ಫೈಲು ಸಿಗುವುದಿಲ್ಲ.

ಅಕ್ಷರಗಳನ್ನೂ ನೋಡಿ. ಪಿ.ಓ. ಅಂಚೆ ಕಚೇರಿ, ಪಿ.ಎಸ್. ಪೊಲೀಸ್ ಠಾಣೆ, ಆರ್.ಎಫ್. ಮೀಸಲು ಅರಣ್ಯ, ಡಿ.ಬಿ. ಮತ್ತು ಐ.ಬಿ. ಬಂಗಲೆಗಳು. ಸಂತೆ ಇದ್ದ ಊರಿನ ಹತ್ತಿರ ವಾರದ ಹೆಸರನ್ನೇ ಬರೆದಿರುತ್ತಾರೆ. ಗುಡ್ಡದ ತುದಿಯ ತ್ರಿಕೋನ ಸರ್ವೆಯವರು ನಿಂತು ಅಳೆದ ಜಾಗ. ಅಲ್ಲಿ ಕಲ್ಲಿನ ಗುರುತು ಇನ್ನೂ ಇರಬಹುದು. ಅಜ್ಜಿ "ಮಂಗಳವಾರದ ಸಂತೆ" ಎಂದಿದ್ದರೆ ಸುತ್ತಲಿನ ಹಾಳೆಗಳಲ್ಲಿ ಮಂಗಳವಾರ ಎಲ್ಲಿದೆ ಹುಡುಕಿ. ಊರಿನ ಹೆಸರೇ ಮರೆತುಹೋದ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಸುಳಿವು ನನಗೆ ಗೊತ್ತಿಲ್ಲ.

ದಾರಿ ಅಳೆಯಲು ಒಂದು ನೂಲು ಸಾಕು. ಕಾಲುದಾರಿಯ ಡೊಂಕಿನ ಮೇಲೆ ನೂಲು ಇಟ್ಟು, ಆಮೇಲೆ ಸ್ಕೇಲಿನ ಮೇಲೆ ಹಿಡಿಯಿರಿ. ಒಂದಂಗುಲದ ಹಾಳೆಯಲ್ಲಿ 7 ಸೆಂಟಿಮೀಟರ್ ಬಂದರೆ ಸುಮಾರು 4.4 ಕಿ.ಮೀ. "ಒಂದೂವರೆ ಗಂಟೆ ನಡೆದರೆ ಸಂತೆ" ಎಂಬ ಅಜ್ಜಿಯ ಮಾತಿಗೆ ಸರಿಹೋಗುತ್ತದಲ್ವಾ?

ಹೆಸರಿನ ಕಾಗುಣಿತಕ್ಕೆ ಸಿಕ್ಕಿಕೊಳ್ಳಬೇಡಿ

ಹಳೆ ಹಾಳೆಯಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲಿ, ಸರ್ವೆಯವರ ಕಿವಿಗೆ ಕೇಳಿದ ಹಾಗೆ ಇರುತ್ತವೆ. ಳ, ಲ ವ್ಯತ್ಯಾಸ ಇಲ್ಲ. ಕೊನೆಯ ಸ್ವರ ಹಾರಿಹೋಗಿರುತ್ತದೆ. ಹೆಸರನ್ನು ಜೋರಾಗಿ ಓದಿ ನೋಡಿ, ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ. ಪೇಟೆಗಳ ಹೆಸರೇ ಬದಲಾಗಿದ್ದೂ ಇದೆ. ರಾಮನಗರ ಆಗ ಕ್ಲೋಸ್‌ಪೇಟೆ, ಪಾಂಡವಪುರ ಫ್ರೆಂಚ್ ರಾಕ್ಸ್, ಕುಶಾಲನಗರ ಫ್ರೇಜರ್‌ಪೇಟೆ, ಕೆ.ಆರ್. ನಗರ ಎಡತೊರೆ, ನರಸಿಂಹರಾಜಪುರ ಎಡೇಹಳ್ಳಿ. ಹೊಸನಗರ ತಾಲ್ಲೂಕನ್ನು ಹಳೆಯದರಲ್ಲಿ ನಗರ ತಾಲ್ಲೂಕು ಎಂದು ಹುಡುಕಿ. ಈಗಿನ ಹೊಸನಗರ ಪೇಟೆ ಆಗ ಕಲ್ಲೂರುಕಟ್ಟೆ.

ಹೆಜ್ಜೆ 7: ಹೊಸದರ ಮೇಲೆ ಹಳೆಯದನ್ನು ಕೂರಿಸಿ

ಇದಕ್ಕೆ ಗೂಗಲ್ ಅರ್ಥ್ ಪ್ರೊ ಸಾಕು, ಉಚಿತ. ನಕ್ಷೆಯ ಚಿತ್ರದಿಂದ ಅಂಚಿನ ಬರಹವನ್ನೆಲ್ಲ ಕತ್ತರಿಸಿ, ಒಳಚೌಕ ಮಾತ್ರ ಉಳಿಸಿ. ಅಂಚು ಇರುವ ಮೂಲ ಚಿತ್ರ ಬೇರೆ ಇಟ್ಟುಕೊಳ್ಳಿ. ಆಡ್ ಮೆನುವಿನಲ್ಲಿ ಇಮೇಜ್ ಓವರ್‌ಲೇ ತೆಗೆದು ಚಿತ್ರ ಹಾಕಿ. ಲೊಕೇಶನ್ ಎಂಬಲ್ಲಿ ನಾಲ್ಕು ಅಂಚಿನ ಅಂಕಿ ಕೊಡಿ. 48ಎನ್/4ಕ್ಕೆ ಉತ್ತರ 14.25, ದಕ್ಷಿಣ 14.00, ಪೂರ್ವ 75.25, ಪಶ್ಚಿಮ 75.00. ಹಾಳೆ ತಾನಾಗಿಯೇ ಹೋಗಿ ಕೂರುತ್ತದೆ. ಪಾರದರ್ಶಕತೆಯ ಗುಂಡಿಯನ್ನು ಅತ್ತಿತ್ತ ಎಳೆದರೆ ಹಳೆ ಊರು, ಈಗಿನ ಉಪಗ್ರಹ ಚಿತ್ರ ಎರಡೂ ಒಂದರ ಮೇಲೊಂದು ಕಾಣುತ್ತವೆ.

ಕೂರಿಸಿದ ಮೇಲೂ ದೇವಸ್ಥಾನ, ಸೇತುವೆ ನೂರಿನ್ನೂರು ಮೀಟರ್ ಪಕ್ಕಕ್ಕೆ ಇದ್ದರೆ ನಕ್ಷೆ ತಪ್ಪು ಅಂದುಕೊಳ್ಳಬೇಡಿ. ಸರ್ವೆ ಆಫ್ ಇಂಡಿಯಾದ ಹಳೆ ಹಾಳೆಗಳು ಎವರೆಸ್ಟ್ ಗೋಳವನ್ನು ಆಧಾರ ಮಾಡಿಕೊಂಡಿವೆ. ನಮ್ಮ ಮೊಬೈಲಿನ ಜಿಪಿಎಸ್ ಬಳಸುವುದು ಡಬ್ಲ್ಯೂಜಿಎಸ್ 84. ಭೂಮಿಯ ಆಕಾರದ ಲೆಕ್ಕ ಬೇರೆ, ಹಾಗಾಗಿ ಅಕ್ಷಾಂಶ ರೇಖಾಂಶವೂ ಸ್ವಲ್ಪ ಬೇರೆ. ಚಿತ್ರವನ್ನು ಮೌಸಿನಲ್ಲಿ ಎಳೆದು ಒಂದೆರಡು ಗಟ್ಟಿ ಗುರುತುಗಳಿಗೆ ಹೊಂದಿಸಿ. 19ನೇ ಶತಮಾನದ ನಕ್ಷೆಗಳಲ್ಲಿ ತಪ್ಪು ಇನ್ನೂ ದೊಡ್ಡದು. ಆಗ ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನು ಹಿಡಿದು ಲೆಕ್ಕ ಹಾಕುತ್ತಿದ್ದರು, ಅದೇ ಸ್ವಲ್ಪ ತಪ್ಪಿತ್ತು. ಅವನ್ನು ಅಂಕಿ ನೋಡಿ ಕೂರಿಸಬೇಡಿ, ಗುರುತು ನೋಡಿಯೇ ಕೂರಿಸಿ.

ಜಾಸ್ತಿ ನಿಖರತೆ ಬೇಕಾದವರು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ಚಿತ್ರವನ್ನು ನೆಲಕ್ಕೆ ಹೊಂದಿಸುವ ಜಿಯೊರೆಫರೆನ್ಸರ್ ಬಳಸಿ. ಹಾಳೆಯ ಮೂಲೆಗಳ ಅಂಕಿ ಕೊಡುವುದಾದರೆ ಎವರೆಸ್ಟ್ ಗೋಳದ ಮೇಲಿನ ಕಲ್ಯಾಣಪುರ 1975 ಪದ್ಧತಿ (ತಂತ್ರಾಂಶದಲ್ಲಿ ಇಪಿಎಸ್‌ಜಿ 4146) ಆರಿಸಿ. ನೆಲದ ಗುರುತು ಹೊಂದಿಸುವುದಾದರೆ ಕಲ್ಲಿನ ದೇವಸ್ಥಾನ, ಕೆರೆ ಏರಿಯ ತುದಿ, ರೈಲು ಸೇತುವೆ, ಬಂಡೆಗುಡ್ಡದ ತುದಿ ಒಳ್ಳೆಯವು. ಹೊಳೆಯ ತಿರುವು, ರಸ್ತೆ ಕೂಡುವ ಜಾಗ ನಂಬಬೇಡಿ, ಅವು ಸರಿದಾಡುತ್ತವೆ. ಗುರುತುಗಳು ಹಾಳೆಯ ನಾಲ್ಕೂ ಕಡೆ ಹರಡಿರಲಿ.

ಹೆಜ್ಜೆ 8: ನೀರಿನ ಕೆಳಗಿನ ಊರು

ಮುಳುಗಡೆಯ ಮನೆತನಗಳಿಗೆ ಇದು ಮುಖ್ಯ. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಹಳೆ ಒಂದಂಗುಲದ ಹಾಳೆಯಲ್ಲಿ 1800 ಅಡಿಯ ಸಮೋನ್ನತಿ ರೇಖೆ ಹುಡುಕಿ, ಪೆನ್ಸಿಲಿನಲ್ಲಿ ತಿದ್ದಿ. ಅದರ ಮೇಲಿನ 1850ರದ್ದನ್ನೂ ತಿದ್ದಿ. 1800ರ ಒಳಗಿದ್ದ ಮನೆಗಳು ಜಲಾಶಯ ತುಂಬಿದಾಗ ಖಂಡಿತ ನೀರಿನ ಕೆಳಗೆ. 1850ರ ಮೇಲಿದ್ದವು ಮುಳುಗಲಿಲ್ಲ. ಎರಡರ ನಡುವೆ ಇದ್ದವರ ಕತೆ ಕೇಳಬೇಕಾದದ್ದು. ಮನೆ ಉಳಿದು ಗದ್ದೆ ಹೋದವರು, ದಾರಿ ಕಡಿದು ದ್ವೀಪದಂತಾದವರು ಈ ನಡುವಿನ ಜಾಗದಲ್ಲೇ ಸಿಗುತ್ತಾರೆ. ಹಿನ್ನೀರಿನ ಆಚೆ ದಡದ ಕರೂರು, ಬಾರಂಗಿ ಕಡೆಯವರು ದಶಕಗಳ ಕಾಲ ಲಾಂಚ್ ನಂಬಿ ಬದುಕಿದ್ದು ಯಾಕೆ ಎನ್ನುವುದು ಈ ಎರಡು ಗೆರೆ ಎಳೆದ ಮೇಲೆ ಸ್ಪಷ್ಟವಾಗುತ್ತದೆ.

ಬೇಸಿಗೆಯ ಕೊನೆಗೆ ನೀರು ಇಳಿದಾಗ ಹಿರೇಭಾಸ್ಕರದ ಹಳೆ ಕಟ್ಟೆ ಮೇಲೆ ಬರುತ್ತದೆ. ಗೂಗಲ್ ಅರ್ಥ್ ಪ್ರೊದಲ್ಲಿ ಹಿಂದಿನ ವರ್ಷಗಳ ಚಿತ್ರ ತೋರಿಸುವ ಗಡಿಯಾರದ ಗುಂಡಿ ಇದೆ. ಏಪ್ರಿಲ್, ಮೇ ತಿಂಗಳ ಚಿತ್ರ ಹುಡುಕಿ. ನೀರಿನ ಅಂಚಿನಲ್ಲಿ ಹಳೆ ರಸ್ತೆಯ ಗೆರೆ, ಗದ್ದೆಯ ಬದು ಕಾಣಬಹುದು. ಆಗ ಅದು ನಕ್ಷೆ ಕೂರಿಸಲು ಗಟ್ಟಿ ಗುರುತಾಗುತ್ತದೆ.

ಕನ್ನಂಬಾಡಿಗೂ ಇದೇ ವಿಧಾನ. ಕೆಲಸ ಶುರುವಾದದ್ದು 1911ರಲ್ಲಿ, ಹಾಗಾಗಿ ಅದಕ್ಕೂ ಮುಂಚಿನ ಸರ್ವೆ ಬೇಕು. ತುಂಗಭದ್ರಾ, ಸೂಪಾ, ಆಲಮಟ್ಟಿಯವರಿಗೆ ಹಾಳೆ ಸಿಗುವುದು ಇನ್ನೂ ಸುಲಭ, ಕಾಲ ಹತ್ತಿರದ್ದು.

ಹೆಜ್ಜೆ 9: ಗ್ರಾಮ ನಕ್ಷೆಗೆ ಇಳಿಯಿರಿ

ಟೋಪೊಶೀಟ್ ಊರಿನವರೆಗೆ ಕರೆದುಕೊಂಡು ಹೋಗುತ್ತದೆ. ಮನೆತನದ ಹೊಲಕ್ಕೆ ಹೋಗಲು ಗ್ರಾಮ ನಕ್ಷೆ ಬೇಕು. ಮೈಸೂರು ಸಂಸ್ಥಾನದಲ್ಲಿ ಮುಂಬೈ ಪದ್ಧತಿಯ ಕಂದಾಯ ಸರ್ವೆ ಶುರುವಾದದ್ದು 1863ರಲ್ಲಿ. ಹಳೆ ಮೈಸೂರಿನ ಹಲವು ಗ್ರಾಮ ನಕ್ಷೆಗಳ ಅಳತೆ 1:7920, ಅಂದರೆ ಮೈಲಿಗೆ ಎಂಟು ಅಂಗುಲ. ಸರ್ವೆ ಸರಪಳಿ 33 ಅಡಿ. ಆ ಸರಪಳಿಯ ಒಂದು ಚೌಕವೇ ನಮ್ಮ ಗುಂಟೆ, 40 ಗುಂಟೆ ಒಂದು ಎಕರೆ.

ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಗ್ರಾಮ ನಕ್ಷೆಯ ಪಿಡಿಎಫ್ ಸಿಗುತ್ತದೆ. ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಗೊತ್ತಾಗುತ್ತದೆ. ನಂಬರ್ ಹಿಡಿದು ತಾಲ್ಲೂಕು ಸರ್ವೆ ಕಚೇರಿಯಲ್ಲಿ ಟಿಪ್ಪಣಿ (ಹೊಲದ ಅಳತೆಯ ಕೈನಕ್ಷೆ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪಟ್ಟಿ) ನಕಲಿಗೆ ಅರ್ಜಿ ಹಾಕಿ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಕೈಬರಹದ ಪಹಣಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಜಮೀನಿನ ಹಳೆ ರಿಜಿಸ್ಟರ್), ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ) ಕೇಳಿ. ಮುತ್ತಜ್ಜನ ಹೆಸರು, ಅವನ ತಂದೆಯ ಹೆಸರು, ಭಾಗ ಆದ ವರ್ಷ ಸಿಗುವುದು ಇಲ್ಲೇ. ದಕ್ಷಿಣ ಕನ್ನಡ ಮದ್ರಾಸಿಗೆ, ಧಾರವಾಡ ಮುಂಬೈಗೆ, ಕಲಬುರಗಿ ಹೈದರಾಬಾದಿಗೆ ಸೇರಿದ್ದವು, ಕೊಡಗು ಪ್ರತ್ಯೇಕ. ಹಾಗಾಗಿ ಕಾಗದಗಳ ಹೆಸರೂ ಭಾಷೆಯೂ ಬೇರೆ ಬೇರೆ. ಸ್ಥಳೀಯ ಸರ್ವೆಯರ್ ಒಬ್ಬರನ್ನು ಕೇಳಿದರೆ ಸಮಯ ಉಳಿಯುತ್ತದೆ.

ಗ್ರಾಮ ನಕ್ಷೆಯಲ್ಲಿ ಗೋಮಾಳ, ಗುಂಡುತೋಪು, ಸ್ಮಶಾನ, ಬಂಡಿದಾರಿ, ಖರಾಬು (ಸಾಗುವಳಿಗೆ ಬಾರದ ನೆಲ) ನೋಡಿ. ಜನ ಇಲ್ಲದ ಗ್ರಾಮಕ್ಕೆ ದಾಖಲೆಯಲ್ಲಿ ಬೇಚರಾಕ್ ಎಂದು ಬರೆದಿರುತ್ತದೆ. 1961ರ ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಗ್ರಾಮಗಳ ಪಟ್ಟಿ ಇದೆ. ಲಿಂಗನಮಕ್ಕಿ ತುಂಬುವ ಮುಂಚಿನ ಲೆಕ್ಕ ಅದು, ಬಹಳ ಬೆಲೆಯುಳ್ಳದ್ದು. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಶಾಸನಗಳನ್ನು ಸಂಗ್ರಹಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳು. ಸಾಗರ, ನಗರ ತಾಲ್ಲೂಕುಗಳ ಶಾಸನಗಳು 8ನೇ ಸಂಪುಟದಲ್ಲಿವೆ. ತಾಲ್ಲೂಕಿನ ಶಾಸನಗಳು ಊರಿನ ಹೆಸರಿನ ಜೊತೆ ಸಿಗುವುದರಿಂದ ನಕ್ಷೆಯ ಪಕ್ಕ ಇಟ್ಟು ಓದಲು ಸಲೀಸು.

ಹೆಜ್ಜೆ 10: ತವರೂರುಗಳನ್ನು ಚುಕ್ಕೆ ಹಾಕಿ

ಮೊದಲ ಹೆಜ್ಜೆಯಲ್ಲಿ ಬರೆದ ತವರೂರುಗಳನ್ನೆಲ್ಲ ಈಗ ನಕ್ಷೆಯಲ್ಲಿ ಗುರುತಿಸಿ. ಪ್ರತಿ ತಲೆಮಾರಿಗೆ ಬೇರೆ ಬಣ್ಣ. ಚುಕ್ಕೆಗಳು ಎಲ್ಲಿ ಗುಂಪಾಗಿವೆ ನೋಡಿ. ಒಂದೇ ಹೊಳೆಯ ಎರಡು ದಡದಲ್ಲಾ? ಒಂದೇ ಸಂತೆಗೆ ಬರುವ ದಾರಿಗಳ ಮೇಲಾ? ನಡುವೆ ಗುಡ್ಡದ ಸಾಲು ಇದ್ದರೆ ಆಚೆ ಕಡೆ ಚುಕ್ಕೆ ಇದೆಯಾ? ಕಡವಿನ ಗುರುತು ಎಲ್ಲಿದೆಯೋ ಅಲ್ಲಿ ಹೊಳೆ ಅಡ್ಡಿಯಾಗಿರಲಿಲ್ಲ, ದಾರಿಯೇ ಆಗಿತ್ತು. ಮುಳುಗಡೆಯ ನಂತರ ಶಿವಮೊಗ್ಗ, ಭದ್ರಾವತಿ ಕಡೆ ಹೋದ ಕುಟುಂಬಗಳಲ್ಲಿ ಮೂರನೇ ತಲೆಮಾರಿನ ಚುಕ್ಕೆಗಳು ಎಲ್ಲಿಗೆ ಹೋದವು ಎಂದು ನೋಡಿ. ಮುಳುಗಡೆ ಏನೇನನ್ನು ಕಡಿದುಹಾಕಿತು ಎನ್ನುವುದು ಪರಿಹಾರದ ಕಡತಕ್ಕಿಂತ ಚೆನ್ನಾಗಿ ಇಲ್ಲಿ ಕಾಣುತ್ತದೆ.

ನಕ್ಷೆಯಲ್ಲಿ ಇಲ್ಲದವರ ಬಗ್ಗೆಯೂ ಯೋಚಿಸಿ. ಊರ ಹೊರಗಿನ ಕೇರಿಗೆ ಹೆಸರು ಹಾಕದೆ ಬಿಟ್ಟಿರಬಹುದು. ಗೇಣಿದಾರರ ಹೆಸರು ಎಲ್ಲ ಕಾಗದದಲ್ಲೂ ಇಲ್ಲ. ಕೂಲಿಗೆ ಬಂದವರ ಬಿಡಾರ ಸರ್ವೆಯ ಹೊತ್ತಿಗೆ ಇಲ್ಲದಿರಬಹುದು. ನಿಮ್ಮವರು ಆ ಪೈಕಿ ಆಗಿದ್ದರೆ ಜಮೀನು ಇದ್ದವರ ಸರ್ವೆ ನಂಬರ್ ಹಿಡಿದು ಹೋಗಿ. ಅವರ ಹೊಲದ ಪಕ್ಕ ನಿಮ್ಮವರ ಮನೆ ಎಲ್ಲಿತ್ತು ಎಂದು ಊರಿನಲ್ಲಿ ಕೇಳಿ.

ಹೆಜ್ಜೆ 11: ಊರಿಗೆ ಹೋಗುವುದು

ಕೈಯಲ್ಲಿ ದೊಡ್ಡ ನಕ್ಷೆ ಹಿಡಿದು ಯಾರಾದರೂ ಹೊಲದ ಬದಿ ನಿಂತರೆ ಹಳ್ಳಿಯಲ್ಲಿ ಮೊದಲು ಬರುವ ಯೋಚನೆ ಒಂದೇ: ಜಮೀನು ಕೇಳೋಕೆ ಬಂದ್ರು. ಹೋದ ತಕ್ಷಣ ಯಾರ ಮನೆಯವರು, ಯಾಕೆ ಬಂದಿದ್ದೀರಿ ಹೇಳಿ. ಗೊತ್ತಿರುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಟೋಪೊಶೀಟ್ ಒಡೆತನದ ದಾಖಲೆ ಅಲ್ಲ, ಅದರಿಂದ ಯಾರ ಗಡಿಯನ್ನೂ ನಿರ್ಧರಿಸಲು ಆಗುವುದಿಲ್ಲ. ಇದನ್ನು ಬಾಯಿಬಿಟ್ಟು ಹೇಳಿದರೆ ಮಾತು ಹಗುರಾಗುತ್ತದೆ.

ನಕ್ಷೆಯ ನಿಮ್ಮೂರಿನ ಭಾಗವನ್ನು ದೊಡ್ಡದಾಗಿ ಪ್ರಿಂಟ್ ಮಾಡಿ, ಹೆಸರುಗಳನ್ನು ಕನ್ನಡದಲ್ಲಿ ಬರೆದುಕೊಂಡು ಹೋಗಿ. ಜಗುಲಿಯ ಮೇಲೆ ಹಾಸಿ. ಹಿರಿಯರು ಮೊದಲು ಹೊಳೆ ಹುಡುಕುತ್ತಾರೆ, ಆಮೇಲೆ ದೇವಸ್ಥಾನ, ಅಲ್ಲಿಂದ ತಮ್ಮ ಮನೆ. ಅವಸರ ಮಾಡಬೇಡಿ. ಅವರು ಬೆರಳಿಟ್ಟ ಜಾಗಕ್ಕೆಲ್ಲ ನಂಬರ್ ಹಾಕಿ, ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯಿರಿ. ಒಪ್ಪಿದರೆ ರೆಕಾರ್ಡ್ ಮಾಡಿ. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಿರಿ, ಅಲ್ಲೇ ತೀರ್ಪು ಕೊಡಲು ಹೋಗಬೇಡಿ. ನಿಮ್ಮ ಹಾಳೆಯಲ್ಲಿ ಹೆಸರಿಲ್ಲದ ಹಳ್ಳ, ಕಟ್ಟೆ, ಬನ, ತಿರುವುಗಳಿಗೆಲ್ಲ ಅವರ ಹತ್ತಿರ ಹೆಸರು ಇರುತ್ತದೆ. ಆ ಹೆಸರುಗಳನ್ನೇ ಮೊದಲು ಸೇರಿಸಿ. ಬೇರೆ ಯಾವ ದಾಖಲೆಯಲ್ಲೂ ಅವು ಇರುವುದು ಕಡಿಮೆ.

ನಡೆದು ನೋಡುವುದಾದರೆ ಮೊಬೈಲಿನಲ್ಲಿ ಜಾಗದ ಅಂಕಿ ಉಳಿಸಿಕೊಳ್ಳುತ್ತಾ ಹೋಗಿ. ಹಾಳುಬಿದ್ದ ಬಾವಿ, ತುಳಸಿಕಟ್ಟೆ, ಮನೆಯ ಪಾಯದ ಕಲ್ಲು, ಮಾಸ್ತಿಕಲ್ಲು, ವೀರಗಲ್ಲು ಕಂಡರೆ ಫೋಟೊ ತೆಗೆಯಿರಿ, ಜಾಗದಿಂದ ಅಲ್ಲಾಡಿಸಬೇಡಿ. ಅರಣ್ಯದೊಳಗೆ ಹೋಗಲು ಅನುಮತಿ ಬೇಕು. ಹಿನ್ನೀರಿನ ಕೆಸರು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹೂಳು ಇರುತ್ತದೆ, ಸ್ಥಳೀಯರು ಕಾಲಿಟ್ಟ ಕಡೆಯೇ ಕಾಲಿಡಿ.

ಹೆಜ್ಜೆ 12: ಬರೆದಿಡುವ ಕ್ರಮ

ಪ್ರತಿ ಜಾಗಕ್ಕೂ ಒಂದು ಸಾಲು. ಜಾಗದ ಹೆಸರು ಕನ್ನಡದಲ್ಲಿ, ನಕ್ಷೆಯಲ್ಲಿರುವ ಕಾಗುಣಿತ, ಹಾಳೆ ನಂಬರ್, ಸರ್ವೆ ವರ್ಷ, ಈಗಿನ ಅಕ್ಷಾಂಶ ರೇಖಾಂಶ, ಸರ್ವೆ ನಂಬರ್, ಯಾರು ಹೇಳಿದ್ದು, ಯಾವ ದಿನ. ನಕ್ಷೆಯಿಂದ ಬಂದದ್ದು, ಕಾಗದದಿಂದ ಬಂದದ್ದು, ಬಾಯಿಮಾತಿನಿಂದ ಬಂದದ್ದು ಮೂರನ್ನೂ ಬೇರೆ ಬೇರೆ ಕಾಲಮ್ಮಿನಲ್ಲಿ ಇಡಿ. ಮುಂದೆ ಯಾರಾದರೂ ತಿದ್ದಬೇಕಾದರೆ ಇದರಿಂದ ಸುಲಭವಾಗುತ್ತದೆ. ಬದುಕಿರುವವರ ಜಮೀನಿನ ವಿವರ, ಮನೆಯ ಜಗಳದ ಮಾತು ಸಾರ್ವಜನಿಕವಾಗಿ ಹಾಕಬೇಡಿ.

ಮುಗಿದ ಮೇಲೆ ಮೂರು ಪ್ರತಿ ಮಾಡಿಸಿ. ಒಂದು ಕುಟುಂಬಕ್ಕೆ, ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಒಂದು ನಿಮಗೆ ದಾರಿ ತೋರಿಸಿದ ಹಿರಿಯರಿಗೆ. ಅವರ ಪ್ರತಿಯಲ್ಲಿ ಅಕ್ಷರ ದೊಡ್ಡದಾಗಿರಲಿ.